ವಾರಗಿತ್ತಿಯ ಸೊಂಟಕ್ಕೆ ನನ್ನ ಕಸರತ್ತು

ತನ್ನ ಸೊಂಟನೋವಿಗೆ ಇನ್ನೊಬ್ಬರ ಕೈಲಿ ಕಸರತ್ತು ಮಾಡಿಸಿದ ಹೆಂಗಸು ನಮ್ಮ ಅಜ್ಜಂಪುರದ ಕಡೆ ಒಬ್ಬಳೇ. ಅವಳು ನನ್ನ ವಾರಗಿತ್ತಿ, ನಮ್ಮೆಜಮಾನರ ಅಣ್ಣನ ಹೆಂಡತಿ. ಮಾಡಿದ್ದು ಯಾರು ಅಂತೀರಾ? ನಾನೇ! ನಾನು ಓದಿದ್ದು ಎರಡನೇ ಕ್ಲಾಸು, ಅವಳು ಅದೂ ಇಲ್ಲ. ಇಬ್ಬರೂ ಸೇರಿ ವೈದ್ಯ ಮಾಡಿಕೊಂಡರೆ ಇನ್ನೇನಾದೀತು?

ಅವಳ ಬಲಸೊಂಟದ ಕೀಲು ಸವೆದಿದೆ. ಕುಕ್ಕರುಗಾಲಲ್ಲಿ ಕೂರೋಕಾಗಲ್ಲ, ಮೆಟ್ಟಿಲಂತೂ ಹತ್ತೋಕೇ ಆಗಲ್ಲ. ಆ ಮೆಟ್ಟಿಲೇ ಅವಳ ಸಂಕಟ. ಅವಳ ತಂಗಿ ಕಡೂರಲ್ಲಿ, ಮಹಡಿ ಮನೇಲಿ, ಲಕ್ವ ಹೊಡೆದು ಮಲಗಿದ್ದಾಳೆ. ಹದಿನಾಲ್ಕು ಮೆಟ್ಟಿಲು. ತಂಗಿ ಇಳಿಯೋ ಹಾಗಿಲ್ಲ, ಅಕ್ಕ ಹತ್ತೋ ಹಾಗಿಲ್ಲ. ಒಂದ್ಸಲ ಕಾರು ಮಾಡಿಕೊಂಡು ಹೋಗಿ, ಕೆಳಗೇ ನಿಂತು ಕೂಗಿ ಮಾತಾಡಿಸಿ ಬಂದಳು. ಮಾತೇ ಬಿದ್ದುಹೋದವಳು ಮೇಲಿಂದ ಏನಂತಾಳೆ? ಅವಳ ಮಕ್ಕಳು ಕುರ್ಚೀಲಿ ಕೂರಿಸಿ ಎತ್ಕೊಂಡು ಹೋಗ್ತೀವಿ ಅಂದರು.

"ನನ್ನ ಎತ್ತೋದು ಒಂದೇ ದಿನ ಕಣ್ರೋ. ಆವತ್ತು ಎತ್ತಿ" ಅಂದುಬಿಟ್ಟಳು.

ಸರಿ, ತರೀಕೆರೆಗೆ ಕರ್ಕೊಂಡು ಹೋದೆವು. ಅಲ್ಲಿ ಕಸರತ್ತು ಹೇಳಿಕೊಡೋ ಒಂದು ಹುಡುಗಿ ಇದೆ. ಅಂಗಾತ ಮಲಗಿ ಕಾಲು ಎತ್ತೋದು, ಮಗ್ಗುಲಾಗಿ ಎತ್ತೋದು, ಮಂಡಿ ಮಡಚಿ ಸೊಂಟ ಎತ್ತೋದು, ಕೈ ಊರದೆ ಕುರ್ಚಿಯಿಂದ ಏಳೋದು. ಒಂದೊಂದೂ ಹತ್ತು ಸಲ, ದಿನಕ್ಕೆರಡು ಹೊತ್ತು. ಸವೆದ ಕೀಲು ಹೊಸದಾಗಲ್ಲ, ಸುತ್ತಲ ಮಾಂಸ ಗಟ್ಟಿಯಾದರೆ ಭಾರ ಅದು ಹೊರುತ್ತೆ ಅಂತ ಬಿಡಿಸಿ ಹೇಳಿತು.

ಮನೆಗೆ ಬಂದು ಒಂದ್ಸಲ ಎತ್ತಿದಳು. ನೋವಾಯ್ತು, ಬಿಟ್ಟಳು. "ಲೇ, ನನ್ನ ಹೆಸರಲ್ಲಿ ನೀನು ಮಾಡೇ" ಅಂದಳು.

ತಮಾಷೆ ಅಂದುಕೊಂಡೆ. ಅಲ್ಲ! ಹಿಂದೆ ಅವಳ ಗಂಡ ಅಂತರಘಟ್ಟೆ ಅಮ್ಮನ ಗುಡೀಲಿ ಉರುಳ್ತೀನಿ ಅಂತ ಹರಕೆ ಹೊತ್ತು, ಹಾಸಿಗೆ ಹಿಡಿದು ಮಲಗಿದ್ದಾಗ, ಅವರ ಬದಲು ಇವಳೇ ಗುಡಿ ಸುತ್ತ ಉರುಳಿ ಬಂದಿದ್ದಳು. ಅಮ್ಮ ಒಪ್ಪಲಿಲ್ವಾ? ಗಂಡ ಎದ್ದು ಓಡಾಡಲಿಲ್ವಾ? ಮನೆಯವರಲ್ಲಿ ಯಾರು ತೀರಿಸಿದರೂ ಸಲ್ಲುತ್ತೆ ಅನ್ನೋದು ಅವಳ ನಂಬಿಕೆ. ನಾನೂ ಪೆದ್ದಿ. ಸ್ನಾನ ಮಾಡಿ, ಅವಳ ಹೆಸರು ಹೇಳಿ, ಆರು ವಾರ ಕಾಲು ಎತ್ತಿದೆ. ಅವಳು ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಾ, ಇನ್ನೂ ಮೇಲೆ ಇನ್ನೂ ಮೇಲೆ ಅಂತ ಗದರೋಳು.

ಆರು ವಾರ ಆದ ಮೇಲೆ ಮತ್ತೆ ತರೀಕೆರೆ. ಹುಡುಗಿ ಕಾಲು ಎತ್ತಿ ಅಂದಿತು. ಗೇಣೂ ಏಳಲಿಲ್ಲ.

"ದಿನಾ ಮಾಡಿದ್ರಾ ಅಜ್ಜಿ?"

"ಒಂದಿನಾನೂ ತಪ್ಸಿಲ್ಲ ಕಣವ್ವ. ಬೇಕಾದ್ರೆ ಇವಳನ್ನೇ ಕೇಳು. ಮಾಡಿದ್ದು ಇವಳೇ."

ಹುಡುಗಿ ನನ್ನನ್ನೂ ಮಲಗಿಸಿ ನೋಡಿತು. ನನ್ನ ಕಾಲು ಸಲೀಸಾಗಿ ಮೇಲೆ ಹೋಗಿ ನಿಂತಿತು. ಬಾಗಿಲ ಹತ್ರ ಕೂತಿದ್ದವರೆಲ್ಲ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ. "ಇದನ್ನ ನಿಮ್ಮ ಬದಲು ಯಾರೂ ಮಾಡೋಕಾಗಲ್ಲ ಅಜ್ಜಿ" ಅಂದಿತು.

ಮಾರನೇ ಬೆಳಿಗ್ಗೆ ತಾನೇ ಚಾಪೆ ಹಾಸಿದಳು. ಆದರೆ ಒಂದು ಎರಡು ಅಂತ ಎಣಿಸೋಳಲ್ಲ. "ಒಂದು ಎರಡು ಅಂದ್ರೆ ಎಲ್ಲಿಗೂ ಹೋದಂಗಾಗಲ್ಲ ಕಣೇ." ಅದಕ್ಕೇ ಹತ್ತು ಸಲಕ್ಕೆ, ನಮ್ಮೂರಿಂದ ತಂಗಿ ಊರಿಗೆ ಹೋಗೋ ದಾರಿಯ ಹತ್ತು ಬಸ್ ಸ್ಟಾಪು. ಮೊದಲನೇದು ಬುಕ್ಕಾಂಬುಧಿ ಕೆರೆ ಏರಿ, ಆಮೇಲೆ ಅಕ್ಕಿ ಗಿರಣಿ, ಅಜ್ಜಂಪುರ, ರೈಲ್ವೆ ಗೇಟು, ಹಾಗೇ ಒಂದೊಂದೇ ದಾಟಿ ಬೀರೂರು, ಕೊನೇದು ಕಡೂರು. ನೋವು ಜಾಸ್ತಿ ಇದ್ದ ದಿನ ಅಜ್ಜಂಪುರದಲ್ಲೇ ಕಾಲು ಇಳಿಸಿ, ಇವತ್ತು ಬಸ್ಸು ಕೆಟ್ಟಿದೆ ಅಂತ ಕಣ್ಣು ಮುಚ್ಚಿಕೊಳ್ಳೋಳು. ಕಣ್ಣಂಚಲ್ಲಿ ನೀರಿರೋದು.

ನಾಲ್ಕು ತಿಂಗಳು ಕಳೀತು. ಕಡೂರಿಗೆ ಹೋದೆವು. ಹುಡುಗಿ ಹೇಳಿಕೊಟ್ಟ ಹಾಗೆ, ಒಳ್ಳೇ ಕಾಲು ಮೊದಲು ಮೇಲಿಟ್ಟು, ನೋವಿನ ಕಾಲು ಆಮೇಲೆ ಎಳ್ಕೊಂಡು ಹತ್ತಿದಳು. ನಾನು ಹಿಂದೆ. ಎಂಟನೇ ಮೆಟ್ಟಿಲಲ್ಲಿ ನಿಂತಳು. ಕೈ ಕೊಡೋಕೆ ಹೋದರೆ ತಳ್ಳಿದಳು. ಉಳಿದ ಆರನ್ನೂ ಹತ್ತಿದಳು.

ತಂಗಿ ಸೂರು ನೋಡ್ತಾ ಮಲಗಿದ್ದಳು. ಇವಳು ಹೇಗಿದೀಯ ಅಂತಲೂ ಕೇಳಲಿಲ್ಲ. ಮಂಚದ ಕಾಲ್ದೆಸೆಯಲ್ಲಿ ಕೂತು ದುಪ್ಪಟಿ ಸರಿಸಿ, ಸೆಟೆದ ಒಂದು ಕಾಲನ್ನ ತೊಡೆ ಮೇಲೆ ಇಟ್ಕೊಂಡಳು. ನಿಧಾನಕ್ಕೆ ಮಡಚಿದಳು, ನೀಡಿದಳು. ಕೆರೆ ಏರಿ. ಮತ್ತೆ ಮಡಚಿದಳು. ಅಕ್ಕಿ ಗಿರಣಿ. ಹತ್ತನೇ ಸಲಕ್ಕೆ ಕಡೂರು.

"ಬಂದೆ ಕಣೇ" ಅಂದಳು.

ನಾನು ಆ ಕಡೆಯಿಂದ ಹೋಗಿ ಇನ್ನೊಂದು ಕಾಲು ಹಿಡ್ಕೊಂಡೆ.