ಸದ್ದಿಲ್ಲದ ಕಾರಿನ ಸದ್ದು

ಧೈರ್ಯದಲ್ಲಿ ಎರಡು ಬಗೆ. ಹತ್ತು ಜನರ ಮುಂದೆ ಇರುವುದು ಒಂದು, ಒಬ್ಬನೇ ಇರುವಾಗ ಇರುವುದು ಇನ್ನೊಂದು. ನನ್ನಲ್ಲಿ ಮೊದಲನೆಯದು ಧಾರಾಳವಾಗಿದೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನಿಗೆ ಅದು ತಾನಾಗಿ ಬರುತ್ತದೆ. ಎರಡನೆಯದರ ಸಂಗತಿಯನ್ನು ನನ್ನ ಕಾರು ಬಯಲು ಮಾಡಿತು.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಬಸವನಗುಡಿಯ ನಮ್ಮ ರಸ್ತೆಗೆ ಮೊಟ್ಟಮೊದಲ ಬ್ಯಾಟರಿ ಕಾರು ತಂದವನು ನಾನೇ. ಸೆಕೆಂಡ್ ಹ್ಯಾಂಡ್, ಎರಡೇ ಬಾಗಿಲು. ಎದುರುಮನೆಯ ರಾಯರು ಅದನ್ನು ಸುತ್ತುಹಾಕಿ ನೋಡಿ, "ರಾತ್ರಿ ಇದನ್ನ ಒಳಗೆ ಎತ್ಕೊಂಡ್ಹೋಗಿ ಮಲಗಿಸ್ತೀರಾ?" ಎಂದು ಕೇಳಿದ್ದರು. ಕೇಳಲಿ. ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕಿ, ಬೆಳಿಗ್ಗೆ ಸದ್ದಿಲ್ಲದೆ ಗೇಟು ದಾಟುವಾಗ ಆಗುತ್ತಿದ್ದ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ನನ್ನ ಹೆಂಡತಿ ಜಯಳ ಎದುರಿಗೆ ಹೇಳಿದ್ದು ಮಾತ್ರ ತಪ್ಪಾಯಿತು.

ಆ ವರ್ಷದ ಆಯುಧಪೂಜೆಗೆ ಜಯ ಕಾರಿಗೂ ಪೂಜೆ ಮಾಡೋಣವೆಂದಳು. ನಾನು ಭಾಷಣ ಬಿಗಿದೆ. ಕಾರು ನಿಲ್ಲುವುದು ಬ್ರೇಕಿನಿಂದ, ನಿಂಬೆಹಣ್ಣಿನಿಂದಲ್ಲ ಎಂದೆ. ಅವಳು ಹೊಲಿಗೆ ಯಂತ್ರಕ್ಕೂ ಈಳಿಗೆಮಣೆಗೂ ಕುಂಕುಮವಿಟ್ಟು ಪೂಜೆ ಮುಗಿಸಿದಳು. ಎರಡು ದಿನ ಬಿಟ್ಟು ನೋಡಿದರೆ ದೇವರ ಮುಂದಿಟ್ಟಿದ್ದ ತೆಂಗಿನಕಾಯಿ ಕಾಣೆಯಾಗಿತ್ತು. ಮನೆಯೆಲ್ಲ ಹುಡುಕಿದ ಜಯ "ಇಡೀ ಕಾಯಿ ಎಲ್ಲಿಗ್ರೀ ಹೋಗತ್ತೆ?" ಎಂದಾಗ, ಹೆಗ್ಗಣದ ಕೆಲಸವಿರಬೇಕು, ಸನ್ನೆಕೋಲಿನ ತತ್ತ್ವ ಬಳಸಿದರೆ ಅದು ತೆಂಗಿನಕಾಯಿಯನ್ನೂ ಉರುಳಿಸಬಲ್ಲದು ಎಂದು ವಿವರಿಸಿದ್ದೆ. ವಿಜ್ಞಾನದ ಮಾತಿಗೆ ನಮ್ಮ ಮನೆಯಲ್ಲಿ ಆಗಿನ್ನೂ ಬೆಲೆಯಿತ್ತು.

ಬೇಸಿಗೆ ಕಳೆಯುವ ಹೊತ್ತಿಗೆ ಸದ್ದು ಶುರುವಾಯಿತು. ಪೆಟ್ರೋಲ್ ಕಾರಿಗೆ ಒಂದು ಅನುಕೂಲವಿದೆ, ಇಂಜಿನ್ನಿನ ಗದ್ದಲದಲ್ಲಿ ಸಣ್ಣಪುಟ್ಟ ರೋಗಗಳೆಲ್ಲ ಮುಚ್ಚಿಹೋಗುತ್ತವೆ. ಬ್ಯಾಟರಿ ಕಾರಿನಲ್ಲಿ ಆ ಮುಚ್ಚುಮರೆ ಇಲ್ಲ. ಹಳ್ಳಕ್ಕಿಳಿದರೆ ಮುಂದಿನ ಎಡಚಕ್ರದ ಕಡೆ ದಡ್, ಅದರ ಹಿಂದೆಯೇ ಲೊಟಕ್ ಲೊಟಕ್. ಗಾಂಧಿಬಜಾರಿನ ಹೂವಿನವರೂ ತಲೆಯೆತ್ತಿ ನೋಡತೊಡಗಿದರು. ಮಲ್ಲೇಶ್ವರದ ಅಕ್ಕನ ಮನೆಗೆ ಹೋಗುವಾಗ ಜಯ ದಾರಿಯುದ್ದಕ್ಕೂ ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದು ಕೂತಿದ್ದಳು. ವಾಪಸು ಬಸ್ಸಿನಲ್ಲಿ ಬಂದಳು. ಬಂದವಳೇ ತೀರ್ಪು ಕೊಟ್ಟಳು: "ಚಕ್ರ ಕಳಚ್ಕೊಂಡು ಬಿದ್ಮೇಲೆ ಅಳೋಕೆ ನನ್ನ ಕೈಲಾಗಲ್ಲ. ಭಾನುವಾರದೊಳಗೆ ಸದ್ದು ನಿಲ್ಬೇಕು. ಇಲ್ದಿದ್ರೆ ರಾಯರು ಕೇಳ್ತಿದಾರೆ, ಕೊಟ್ಬಿಡಿ." ಕಾರನ್ನು ಮಲಗಿಸುವ ಮಾತಾಡಿದ್ದ ಅದೇ ರಾಯರು! ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಶನಿವಾರ ಬೆಳಿಗ್ಗೆ ಚಾಮರಾಜಪೇಟೆಯ ಅನ್ವರ್ ಅವರ ಗ್ಯಾರೇಜಿಗೆ ಹೋದೆವು. ಜಯಳೂ ಬಂದಳು, ಸಾಕ್ಷಿಯಾಗಿ. ನಾನು ಕಂಪನ, ಅನುರಣನ ಎಂದು ಶುರುಮಾಡುತ್ತಿದ್ದಂತೆ ಅನ್ವರ್ ಬಾನೆಟ್ಟಿನ ಮೂಲೆಗೆ ಕೈಯೂರಿ ಕಾರನ್ನು ಎರಡು ಸಲ ಅದುಮಿ ಬಿಟ್ಟರು. ಜಾಕಿ ಏರಿಸಿ, ಚಕ್ರ ಬಿಚ್ಚಿ, ರಾಡಿನಿಂದ ಮೀಟಿ ತೋರಿಸಿದರು. ಚಕ್ರದ ತೋಳು ಕೂರುವ ಜಾಗದ ರಬ್ಬರ್ ಬುಶ್ ಸವೆದು, ಹಳೆಯ ಚಕ್ಕುಲಿಯಂತೆ ಚೂರುಚೂರಾಗಿತ್ತು. ಹೊಸದನ್ನು ಹಾಕಿ, ನಟ್ಟು ಬಿಗಿದು, ಒಂದು ಸುತ್ತು ಹೋಗಿಬಂದೆವು. ದಡ್ ಹೋಗಿತ್ತು. ಲೊಟಕ್ ಹಾಗೆಯೇ ಇತ್ತು.

"ಶಾಕ್ ಅಬ್ಸಾರ್ಬರ್ ಇರ್ಬೇಕು" ಎಂದೆ.

"ಅದು ಚೆನ್ನಾಗಿದೆ ಸಾರ್. ಒಂದ್ ಕೆಲ್ಸ ಮಾಡಿ, ಗಾಡೀಲಿರೋದೆಲ್ಲ ಖಾಲಿ ಮಾಡ್ಬಿಡಿ. ಅರ್ಧ ಸದ್ದು ಸಾಮಾನಿಂದೇ ಇರತ್ತೆ."

ಕೊಡೆ, ನೀರಿನ ಬಾಟಲಿ, ಹಳೆಯ ಉತ್ತರಪತ್ರಿಕೆಗಳ ಕಟ್ಟು, ಎಲ್ಲ ಇಳಿಸಿದೆವು. ಅನ್ವರ್ ಬಾನೆಟ್ ಎತ್ತಿ, ಇಂಜಿನ್ನಿರಬೇಕಾದ ಜಾಗದಲ್ಲಿದ್ದ ಸ್ಟೆಪ್ನಿಯ ಹಿಂದೆ ಕೈ ಹಾಕಿದರು. ಆಗ ನನಗೆ ಥಟ್ಟನೆ ನೆನಪಾಯಿತು. ನೆನಪಾಗಿ ಪ್ರಯೋಜನವಿರಲಿಲ್ಲ. ಹೊರಬಂದದ್ದು ನೀಲಿ ಅಂಚಿನ ಕರ್ಚೀಫಿನ ಗಂಟು. ಅದರ ಮೂಲೆಯಲ್ಲಿ ಜಯ ಕೈಯಾರೆ ಹೊಲಿದ ನನ್ನ ಹೆಸರಿನ ಮೊದಲಕ್ಷರ. ಬಿಚ್ಚಿದರೆ ಕುಂಕುಮ ಹತ್ತಿದ ತೆಂಗಿನಕಾಯಿ. ಅನ್ವರ್ ಗ್ರೀಸಿನ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಅದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಲೊಟಕ್ ಲೊಟಕ್. ಎಂಟು ತಿಂಗಳಲ್ಲಿ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಿಟುಕಾಗಿತ್ತು.

"ಸಸ್ಪೆನ್ಷನ್ ಹೋಗಿರೋದು ಇದ್ರದು ಸಾರ್" ಎಂದರು.

ಜಯ ಕರ್ಚೀಫನ್ನು ಬಿಡಿಸಿ ನೋಡಿದಳು. "ಪಾಪ, ಹೆಗ್ಗಣ ಎಷ್ಟು ನೀಟಾಗಿ ಗಂಟು ಹಾಕಿದೆ!"

ಒಪ್ಪಿಕೊಂಡೆ. ಭಾಷಣದ ಮರುದಿನ ಟೌನ್‌ಹಾಲ್ ಹತ್ತಿರ ಒಂದು ಬಸ್ಸು ನನ್ನ ಪುಟ್ಟ ಕಾರನ್ನು ಸವರಿಕೊಂಡೇ ಹೋಗಿತ್ತು. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ದೇವರ ಮನೆಗೆ ನುಗ್ಗಿದ್ದೆ. ಆಮೇಲೆ ನಾಚಿಕೆಯಾಗಿ, ಮರೆಯಲು ಪ್ರಯತ್ನಪಟ್ಟು, ನಿಜವಾಗಿಯೂ ಮರೆತಿದ್ದೆ. ಜಯ ಬೈಯಲಿಲ್ಲ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿಸಿ, "ಇಷ್ಟು ಭಯ ಆಗಿದ್ರೆ ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದಳು. ನಾನು ಇಳಿಸಿದ್ದ ಸಾಮಾನನ್ನು ಮತ್ತೆ ಕಾರಿಗೆ ತುಂಬತೊಡಗಿದೆ.

ಭಾನುವಾರ ರಾಯರು ಬಂದರು. "ಕಾರು ಕೊಡೋ ಹಾಗಿಲ್ಲ ರಾಯರೇ" ಎಂದು ಜಯಳೇ ಹೇಳಿ, ಅದೇ ಕಾಯಿಯನ್ನು ಒಡೆದು ತುರಿದ ಕೊಬ್ಬರಿಸಕ್ಕರೆ ಕೊಟ್ಟು ಕಳಿಸಿದಳು. ಸಂಜೆ ನಾನು ಕಾರು ತೆಗೆಯುವ ಮುಂಚೆ ಹೊರಗೆ ಬಂದು ನನ್ನ ಅಂಗೈಯಲ್ಲೊಂದು ನಿಂಬೆಹಣ್ಣಿಟ್ಟಳು. "ಇದನ್ನಿಟ್ಕೊಳ್ಳಿ. ಒಣಗಿದ್ರೂ ಸದ್ದು ಮಾಡಲ್ಲ."

ಭೌತಶಾಸ್ತ್ರದ ದೃಷ್ಟಿಯಿಂದ ಆ ಮಾತಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ರಾಯರ ಕಿಟಕಿ ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು ಬಾನೆಟ್ ಎತ್ತಿದೆ.