ಹದಿನಾಲ್ಕು ವರ್ಷದ ಹೆಪ್ಪು

ಆ ಬುಧವಾರ ಬೆಳಿಗ್ಗೆ ನಾನು ಮಜ್ಜಿಗೆ ಕಡೆಯುತ್ತ ಕೂತಿದ್ದೆ. ಬೆಣ್ಣೆ ಇನ್ನೇನು ಕಾಣಿಸಿಕೊಳ್ಳಬೇಕು, ಅಷ್ಟರಲ್ಲಿ ನಮ್ಮ ಬೀದಿಯ ಮಹಿಳಾ ಸಮಾಜದ ಕಾರ್ಯದರ್ಶಿ ಇಂದಿರಮ್ಮನವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಂದವರು ಕೂರುವುದಕ್ಕೆ ಮೊದಲೇ ನನ್ನನ್ನು ಹೊಗಳಲು ಶುರುಮಾಡಿದರು. ಯಾರಾದರೂ ನನ್ನನ್ನು ಹೊಗಳಿದರೆ ನಾನು ಮೊದಲು ಒಲೆಯ ಕಡೆ ನೋಡುತ್ತೇನೆ, ಏನಾದರೂ ಸೀಯುತ್ತಿದೆಯೇನೋ ಎಂದು. ಅವತ್ತೂ ನೋಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. ಹಾಗಾದರೆ ಸೀಯುತ್ತಿರುವುದು ಬೇರೆಲ್ಲೋ ಇರಬೇಕು ಅಂದುಕೊಂಡೆ.

ಇದನ್ನು ಈಗಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು: ನಾನು ಅನುಮಾನದ ಹೆಂಗಸು. ದೇವರನ್ನು ಪೂರ್ತಿಯಾಗಿ ನಂಬುತ್ತೇನೆ. ಮಿಕ್ಕವರನ್ನು ಒಂದು ಸಲ ತೂಗಿ ನೋಡುತ್ತೇನೆ. ಹಾಲಿನವನು ಎಮ್ಮೆಯನ್ನು ಬಾಗಿಲಿಗೇ ತಂದು ಎದುರಿಗೇ ಕರೆದುಕೊಟ್ಟರೂ ತೋಳಿನೊಳಗೆ ನೀರು ಬಚ್ಚಿಟ್ಟಿದ್ದಾನೇನೋ ಎಂದು ಆ ಕಡೆ ನನಗೊಂದು ಕಣ್ಣು. ಹಾಗೆಂದು ಉಪಕಾರ ಮರೆಯುವವಳಲ್ಲ. ದಿನವೂ ದೇವರ ಮುಂದೆ ಕೂತು ಅವತ್ತಿನ ಸಣ್ಣಪುಟ್ಟ ದಯೆಗಳನ್ನು ಬೆರಳು ಮಡಚಿ ಎಣಿಸುತ್ತೇನೆ. ಹಾಲು ಒಡೆಯಲಿಲ್ಲ, ಒಂದು. ಸೌದೆ ಹಸಿಯಿರಲಿಲ್ಲ, ಎರಡು. ಅತ್ತೆ ಸಾರಿಗೆ ಹೆಸರಿಡಲಿಲ್ಲ, ಮೂರು. ಈ ಮೂರನೆಯದು ಬಂದ ದಿನ ಮಾತ್ರ ಅವರಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಒಳಗೊಳಗೇ ಅನುಮಾನ.

ಇಂದಿರಮ್ಮನವರು ವಿಷಯಕ್ಕೆ ಬಂದರು. "ಶುಕ್ರವಾರ ಸಮಾಜದಲ್ಲಿ ನೀವು ಹತ್ತು ನಿಮಿಷ ಮಾತಾಡ್ಬೇಕು, ಜಾನಕಮ್ಮನವರೇ. ಬಿಡದೆ ಒಂದೇ ಸಮ ಮಾಡೋ ಅಭ್ಯಾಸದಿಂದ ಬಾಳಿನಲ್ಲಿ ಹೇಗೆ ಏಳಿಗೆ ಆಗುತ್ತೆ ಅನ್ನೋದು ವಿಷಯ."

"ಹೆಡ್‌ಮಿಸ್ಟ್ರೆಸ್ಸು ಮಾತಾಡ್ತಾರೆ ಅಂತ ಹೇಳಿದ್ರಲ್ಲ?"

"ಅವರಿಗೆ ಶುಕ್ರವಾರ ಆಗಲ್ವಂತೆ. ಅವರು ಹೋದ ತಿಂಗಳೂ ಹೀಗೇ ಕೈಕೊಟ್ರು. ಈ ವಿಷಯಕ್ಕೆ ನಿಮಗಿಂತ ಯೋಗ್ಯರು ಯಶವಂತಪುರದಲ್ಲೇ ಇಲ್ಲ. ಹದಿನಾಲ್ಕು ವರ್ಷದಿಂದ ನಿಮ್ಮ ಮನೆ ಹೆಪ್ಪು ಒಂದು ದಿನಾನೂ ತಪ್ಪಿಲ್ವಂತಲ್ಲ."

ಒಳಗೆ ಅತ್ತೆ ಕೆಮ್ಮಿದರು. ಅವರಿಗೆ ಅವತ್ತು ಕೆಮ್ಮೇನೂ ಇರಲಿಲ್ಲ. ಆದರೆ ನನ್ನ ಅನುಮಾನವೆಲ್ಲ ಆಗ ಇಂದಿರಮ್ಮನವರ ಮೇಲಿದ್ದುದರಿಂದ ಆ ಕೆಮ್ಮಿನ ಕಡೆ ಗಮನ ಹರಿಯಲಿಲ್ಲ.

ಹೆಪ್ಪಿನ ಮಾತು ನಿಜ. ನನ್ನ ತವರು ಯಲಹಂಕ. ಮದುವೆಯಾಗಿ ಹೊರಟ ದಿನ ಅಮ್ಮ ಅಂಗೈಯಗಲದ ಒಂದು ಕಲ್ಲುಮರಿಗೆಯಲ್ಲಿ ಗಟ್ಟಿ ಮೊಸರು ತುಂಬಿ, ಬಾಳೆಲೆ ಮುಚ್ಚಿ, ದಾರ ಸುತ್ತಿ ನನ್ನ ಮಡಿಲಲ್ಲಿಟ್ಟಳು. "ಜಾನೂ, ಇದು ನಿನ್ನ ಅಜ್ಜಿ ಕಾಲದ ಹೆಪ್ಪು. ದಿನಾ ಒಂದು ಚಮಚ ಎತ್ತಿಡು. ನಾನು ಒಂದು ದಿನಾನೂ ತಪ್ಪಿಸಿಲ್ಲ, ನೀನೂ ತಪ್ಪಿಸಬೇಡ" ಅಂದಳು. ರೈಲಿನಲ್ಲಿ ಯಲಹಂಕದಿಂದ ಯಶವಂತಪುರ ಎಷ್ಟು ದೂರ? ಅಷ್ಟು ದೂರವೂ ಹೊಸ ಗಂಡನ ಮುಖ ನೋಡದೆ ಮರಿಗೆಯನ್ನೇ ನೋಡುತ್ತ ಬಂದೆ. ಮೂರನೆಯ ವರ್ಷ ಅಮ್ಮ ಹೋದಳು. ಅವಳ ಸೀರೆಗಳು ಅತ್ತಿಗೆಗೆ ಸೇರಿದವು, ದೇವರ ಪೆಟ್ಟಿಗೆ ಅಣ್ಣನಿಗೆ. ನನಗೆ ಉಳಿದದ್ದು ಈ ಹೆಪ್ಪು. ಅವಳ ಕೈಯಿಂದ ಬಂದದ್ದರಲ್ಲಿ ಇನ್ನೂ ಜೀವವಿರುವುದು ಇದೊಂದೇ ಎಂದು ನಾನು ಯಾರಿಗೂ ಹೇಳಿರಲಿಲ್ಲ. ದಿನವೂ ಸಂಜೆ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಬಿಡುವಾಗ ನನಗೇ ನಾನು ಹೇಳಿಕೊಳ್ಳುತ್ತಿದ್ದೆ ಅಷ್ಟೆ.

ಇದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಬಿಡದೆ ಮಾಡಿದ್ದು ಏನೂ ಇಲ್ಲ. ಯಜಮಾನರು ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಒಂದು ಯುಗಾದಿಗೆ ಸೂರ್ಯನಮಸ್ಕಾರ ಹಿಡಿದು ಒಂಬತ್ತನೆಯ ದಿನ ಸೊಂಟ ಹಿಡಿದುಕೊಂಡರು. ಹಿಂದಿ ಕಲಿಯುತ್ತೇನೆಂದು ಪುಸ್ತಕ ತಂದು ಮೂರು ಪಾಠ ಓದಿದರು; ಇವತ್ತಿಗೂ ಉತ್ತರದ ಕಡೆಯ ಗಾರ್ಡು ಬಂದರೆ 'ನಮಸ್ತೇ' ಎಂದು ಶುರುಮಾಡಿ ಮಿಕ್ಕಿದ್ದನ್ನು ಕನ್ನಡದಲ್ಲಿ ಮುಗಿಸುತ್ತಾರೆ. ಹಿತ್ತಿಲಲ್ಲಿ ಸೋರೆಬೀಜ ಹಾಕಿ ಚಪ್ಪರ ಹಾಕುವುದನ್ನು ನಾಳೆ ನಾಳೆ ಎಂದು ಮುಂದೂಡಿದ್ದಕ್ಕೆ ಬಳ್ಳಿ ಬೇಸತ್ತು ಗೋಡೆ ಹತ್ತಿ ಪಕ್ಕದ ಮುನಿಯಮ್ಮನ ಮನೆಯ ಹೆಂಚಿನ ಮೇಲೆ ಕಾಯಿ ಬಿಟ್ಟಿತು. ನನ್ನದೂ ದೊಡ್ಡ ಮಾತೇನಲ್ಲ. ಹದಿನಾರು ಸೋಮವಾರದ ವ್ರತ ಹನ್ನೊಂದಕ್ಕೆ ನಿಂತಿತು. ರಾಮನಾಮ ಬರೆಯಲು ಇಟ್ಟ ಪುಸ್ತಕದ ಅರ್ಧದಿಂದಾಚೆಗೆ ಮಗಳು ಸರಸು ಆನೆಗಳನ್ನು ಬರೆದಿದ್ದಾಳೆ. ಆದ್ದರಿಂದ ಹೆಪ್ಪಿನ ಬಗ್ಗೆ ನನಗಿದ್ದ ಜಂಬವನ್ನು ಓದುವವರು ಕ್ಷಮಿಸಬೇಕು. ಇದ್ದ ಒಂದು ಕಡೆ ಎಲ್ಲವನ್ನೂ ಸುರಿದಿದ್ದೆ.

ಭಾಷಣ ಬರೆದೆ. "ಒಂದು ದಿನ ತಪ್ಪಿದರೆ ಎಲ್ಲವೂ ತಪ್ಪಿದ ಹಾಗೆ" ಎಂಬುದು ಅದರ ಮುಖ್ಯ ಮಾತು. ಬರೆದ ಮೇಲೆ ನನಗೇ ರೋಮಾಂಚನವಾಯಿತು. ಗುರುವಾರವೆಲ್ಲ ಅದನ್ನೇ ಬಾಯಿಪಾಠ ಮಾಡಿದೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣಲು ಕೂತಾಗ.

ಸಂಜೆ ದೀಪ ಹಚ್ಚಿ, ಹಾಲು ಆರಿತೆಂದು ಬೆರಳದ್ದಿ ನೋಡಿ, ಹೆಪ್ಪಿಗೆಂದು ಗೂಡಿನಿಂದ ಮರಿಗೆ ತೆಗೆದೆ. ಮುಚ್ಚಿದ ತಟ್ಟೆ ಮುಚ್ಚಿದಂತೆಯೇ ಇತ್ತು. ಒಳಗೆ ಏನೂ ಇರಲಿಲ್ಲ. ಯಾರೋ ಬೆರಳಿನಿಂದ ಬಳಿದ ಗೆರೆ ಮಾತ್ರ ಕಾಣುತ್ತಿತ್ತು. ಕಡೆಯುವ ಮೊಸರೂ ಬೆಳಿಗ್ಗೆಯೇ ಮಜ್ಜಿಗೆಯಾಗಿ, ಮಜ್ಜಿಗೆಯೂ ಮಧ್ಯಾಹ್ನಕ್ಕೆ ಮುಗಿದಿತ್ತು.

ಬೆಕ್ಕಲ್ಲ. ಬೆಕ್ಕು ಕುಡಿದು ಮತ್ತೆ ತಟ್ಟೆ ಮುಚ್ಚಿಡುವುದಿಲ್ಲ. ಇದು ಕೈಯಿರುವವರ ಕೆಲಸ. ಆಗತಾನೆ ಬಂದು ಕಾಲು ತೊಳೆಯುತ್ತಿದ್ದ ಯಜಮಾನರ ಮುಂದೆ ಹೋಗಿ ನಿಂತೆ.

"ರೀ, ಮರಿಗೆ ಮುಟ್ಟಿದ್ರಾ?"

"ಯಾವ ಮರಿಗೆ?"

"ಗೊತ್ತಿಲ್ಲದ ಹಾಗೆ ಕೇಳ್ತೀರಲ್ಲ."

"ನೋಡು ಜಾನಕಿ, ಎಂಟು ಗಂಟೆಗೆ ಹೋದವನು ಈಗ ಬಂದಿದೀನಿ. ಶೆಡ್ಡಿಂದ ಇಲ್ಲಿಗೆ ಕೈ ಚಾಚಿ ತಿಂದೆ ಅಂತೀಯಾ?"

ಆದರೂ ಮೀಸೆಯನ್ನು ಹತ್ತಿರದಿಂದ ನೋಡಿದೆ. ನಶ್ಯ ಬಿಟ್ಟರೆ ಬೇರೆ ವಾಸನೆಯಿರಲಿಲ್ಲ. ಮುಂದೆ ಸರಸು. "ನಾಲಿಗೆ ಚಾಚೇ" ಅಂದೆ. ಎಂಟು ವರ್ಷದ ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು, "ಒಂದೇ ಒಂದು ಉಪ್ಪಿನಕಾಯಿ ಹೋಳಮ್ಮ, ಅಷ್ಟೇ" ಅಂದಳು. ನಾನು ಹುಡುಕದೇ ಇದ್ದ ಕಳ್ಳತನವೊಂದು ಸಿಕ್ಕಿತು, ಹುಡುಕಿದ್ದು ಸಿಗಲಿಲ್ಲ. ಉಳಿದವರು ಒಬ್ಬರೇ. ಅವರು ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ಅತ್ತೆಯನ್ನು ನೇರವಾಗಿ ಕೇಳುವಂತಿಲ್ಲ. ಬರಿದಾದ ಮರಿಗೆ ಹಿಡಿದು ಅವರಿಗೆ ಕಾಣುವ ಹಾಗೆ ಎರಡು ಸಲ ಓಡಾಡಿದೆ.

ಮೂರನೆಯ ಸಲಕ್ಕೆ ಅವರು ತಲೆಯೆತ್ತದೆಯೇ ಹೇಳಿದರು: "ಯಾರನ್ನ ಹುಡುಕ್ತೀಯೇ? ಮಧ್ಯಾಹ್ನ ನೀನೇ ಸುರ್ಕೊಂಡೆಯಲ್ಲ."

"ನಾನಾ?"

"ಮತ್ತೆ ನಾನಾ? ಬಾಯಲ್ಲಿ ಭಾಷಣ, ಕೈಯಲ್ಲಿ ಮರಿಗೆ. 'ಒಂದು ದಿನ ತಪ್ಪಿದರೆ' ಅಂದೆ, ಅನ್ನಕ್ಕೆ ಬಗ್ಗಿಸಿದೆ. 'ಎಲ್ಲವೂ ತಪ್ಪಿದ ಹಾಗೆ' ಅಂದೆ, ಬೆರಳಲ್ಲಿ ಬಳಕೊಂಡು ತಿಂದೆ. ಆಮೇಲೆ ತಟ್ಟೆ ಮುಚ್ಚಿ ಗೂಡಲ್ಲಿಟ್ಟೆ."

"ನೋಡ್ಕೊಂಡು ಸುಮ್ಮನಿದ್ರಾ, ಅತ್ತೆ?"

"ಊಟಕ್ಕೆ ಕೂತವಳ ಕೈ ಹಿಡಿಯೋಕಾಗುತ್ತಾ? ಮುನಿಯಮ್ಮನ ಹತ್ತಿರ ತಂದ್ರಾಯ್ತು, ಯಾವಾಗಲೂ ತರೋ ಹಾಗೆ ಅಂತ ಸುಮ್ಮನಾದೆ. ಬತ್ತಿ ಹೊಸೀತಾ ಮರೆತೇಹೋಯ್ತು."

'ಯಾವಾಗಲೂ' ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವರ ಕೈ ನಿಂತಿತು. ನನ್ನ ಕಾಲೂ ನಿಂತಿತು. ಜಗಲಿಯ ಅಂಚಿನಲ್ಲಿ ಕೂತೆ. "ಯಾವಾಗಲೂ ಅಂದ್ರೆ ಯಾವಾಗ?" ಎಂದು ಕೇಳಿದೆ.

ಅವರು ಬತ್ತಿಗಳನ್ನು ಒಂದೊಂದಾಗಿ ಜೋಡಿಸುತ್ತ ಹೇಳತೊಡಗಿದರು. ಸರಸುವಿನ ಬಾಣಂತನಕ್ಕೆ ನಾನು ಅಣ್ಣನ ಮನೆಗೆ ಹೋದಾಗ ಎರಡು ಸಲ. ಶ್ರಾದ್ಧದ ದಿನ ಪುರೋಹಿತರು ಕೇಳಿ ಕೇಳಿ ಬಡಿಸಿಕೊಂಡಾಗ ಒಂದು ಸಲ. ನನಗೆ ಜ್ವರ ಬಂದ ವರ್ಷ ಎಷ್ಟು ಸಲವೋ ಅವರಿಗೇ ನೆನಪಿಲ್ಲ. ನಾನು ಕೇಳಿದೆ, "ಬೇರೆಯವರ ಮನೆ ನೀರೂ ಮುಟ್ಟದ ನಿಮ್ಮ ಮಡಿ ಏನಾಯ್ತು?"

"ಹಾಲು ಮೊಸರಿಗೆ ಮಡಿ ಇಲ್ಲ."

"ಯಾರು ಹೇಳಿದ್ದು?"

"ನಾನು." ಇನ್ನೊಂದು ಬತ್ತಿ ಜೋಡಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಮೊದಲನೇ ಸಲ ತಪ್ಪಿದ್ದು ನಿಮ್ಮಮ್ಮ ಹೋದಾಗ. ನೀನು ಹದಿಮೂರು ದಿನ ಯಲಹಂಕದಲ್ಲಿದ್ದೆ. ನಮಗೂ ಇಲ್ಲಿ ಕೈಕಾಲು ಆಡಲಿಲ್ಲ, ಹೆಪ್ಪು ಒಣಗಿ ಹೋಗಿತ್ತು. ನೀನು ಬರೋ ದಿನ ಬೆಳಿಗ್ಗೆ ತಂದು ಮರಿಗೆ ತುಂಬಿಸಿದೆ. ನೀನು ಬಂದವಳೇ ಗೂಡಿನ ಮುಂದೆ ನಿಂತು ಮರಿಗೆ ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ. ಆಗ ಹೇಳೋಕಾಗ್ತಿತ್ತೇನೇ?"

ಹನ್ನೊಂದು ವರ್ಷ ನಾನು ಅಮ್ಮನೆಂದು ಮಾತಾಡಿಸಿಕೊಂಡು ಬಂದದ್ದು ಮುನಿಯಮ್ಮನ ಎಮ್ಮೆಯ ಮೊಸರನ್ನು. ಅಳು ಬರಬೇಕಾದ ಜಾಗದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಎದ್ದು ಹಿತ್ತಿಲಿಗೆ ಹೋದೆ. ಒಲೆಯ ಪಕ್ಕ ಆರಿದ ಹಾಲು ಹೆಪ್ಪಿಗಾಗಿ ಕಾಯುತ್ತಿತ್ತು, ಅದಕ್ಕೆ ಇವೆಲ್ಲ ಗೊತ್ತಿಲ್ಲ.

ನಮ್ಮ ಹಿತ್ತಿಲ ಗೋಡೆ ಎದೆಯೆತ್ತರ. ಮುನಿಯಮ್ಮ ಆಚೆ ಬದಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಹೆಪ್ಪು ಬೇಕು ಎಂದೆ. ಅವಳು ಆಕಾಶ ನೋಡಿದಳು.

"ದೀಪ ಅಚ್ಚಾಯ್ತಲ್ಲ ಅಮ್ಮಾರೇ. ದೀಪ ಅಚ್ಚಿದ್ ಮ್ಯಾಲೆ ಹೆಪ್ ಕೊಟ್ರೆ ಲಕ್ಸ್ಮಿ ಓಗ್ತಾಳೆ."

"ಗೊತ್ತು, ಮುನಿಯಮ್ಮ. ಹಾಗಾದ್ರೆ ಬೇಡ ಬಿಡು."

"ತಾಳಿ. ದೊಡ್ಡಮ್ಮಾರ್ ಏಳ್ಕೊಟ್ಟಿಲ್ವಾ ನಿಮ್ಗೆ?" ಎಂದು ಒಳಗೆ ಹೋಗಿ ಒಂದು ಪುಟ್ಟ ಲೋಟ ತಂದು ಗೋಡೆಯ ಮೇಲಿಟ್ಟು, ನನಗೆ ಬೆನ್ನು ಮಾಡಿ ನಿಂತಳು. "ನಾನ್ ಕೊಟ್ಟಿಲ್ಲ, ನೀವ್ ಇಸ್ಕೊಂಡಿಲ್ಲ. ಗ್ವಾಡೆ ಮ್ಯಾಲೆ ಮರ್ತೋಗಿತ್ತು."

ಇಷ್ಟು ಸಲೀಸಾಗಿ ಮಾಡಿದ್ದು ನೋಡಿ ಹನ್ನೊಂದು ವರ್ಷದ ಅಭ್ಯಾಸ ಯಾರದ್ದೆಂದು ತಿಳಿಯಿತು. ಭಾಷಣಕ್ಕೆ ಕರೆಯಬೇಕಾದದ್ದು ಈ ಇಬ್ಬರನ್ನು. ಲೋಟ ಎತ್ತಿಕೊಂಡೆ, ಆದರೆ ನನ್ನ ಸ್ವಭಾವ ಬಿಡಬೇಕಲ್ಲ.

"ಈ ಹೆಪ್ಪು ನಿನಗೆಲ್ಲಿಂದ ಬಂತು?"

ಅವಳು ತಿರುಗಿದಳು. "ನೀವೇ ಕೊಟ್ಟಿದ್ದಲ್ವಾ? ನೀವು ಮದ್ವೆ ಆಗ್ ಬಂದ್ ಒಸ್ದ್ರಲ್ಲಿ ನಮ್ಮೆಮ್ಮೆ ಈದಿತ್ತು. ಬಾಳೆಲೇಲಿ ತಂದ್ಕೊಟ್ರಿ, 'ನಮ್ಮಮ್ಮಂದು, ಜ್ವಾಪಾನ' ಅಂತ ಎಲ್ಡ್ ಸಲ ಏಳಿದ್ರಿ."

ನನಗೆ ಅದು ನೆನಪೇ ಇರಲಿಲ್ಲ. ಕಾಲು ನೆಲದ ಮೇಲೆ ನಿಲ್ಲದಷ್ಟು ಸಂತೋಷವಾಯಿತು. ಅಮ್ಮನ ಹೆಪ್ಪೇ ಗೋಡೆ ಹತ್ತಿ ಆಚೆ ಹೋಗಿ, ಬೇಕಾದಾಗ ಈಚೆ ಇಳಿದು ಬಂದಿದೆ. ಅವತ್ತಿನ ದಯೆಗಳಲ್ಲಿ ಇದೇ ದೊಡ್ಡದು ಎಂದು ಬೆರಳು ಮಡಚುವಷ್ಟರಲ್ಲಿ ಅನುಮಾನ ಮತ್ತೆ ತಲೆಯೆತ್ತಿತು.

"ನಿಮ್ಮಲ್ಲಿ ಒಂದು ದಿನಾನೂ ತಪ್ಪಿಲ್ಲ ತಾನೇ?"

"ತಪ್ದೇ ಇರ್ತದಾ ಅಮ್ಮಾರೇ? ಎಮ್ಮೆ ಬತ್ತೋದಾಗೆಲ್ಲ ಮ್ಯಾಗಲ ಬೀದಿ ಬೀಬಮ್ಮನ ಮನೇಲಿ ಇಸ್ಕೋತೀನಿ. ಆಯಮ್ಮಂಗೂ ಮದ್ಲು ಕೊಟ್ಟಿದ್ದು ನಾನೇಯ."

ಹಿಂದೆ ಅತ್ತೆ ಬಂದು ನಿಂತಿದ್ದರು. ಬೀಬಮ್ಮನ ಹೆಸರು ಬಂದ ಕೂಡಲೇ ಅವರು, "ಏನೋ ಹೇಳಿದ್ಳು, ನನಗೆ ಈಚೆಗೆ ಕಿವಿ ಸರಿಯಾಗಿ ಕೇಳಿಸಲ್ಲ" ಎಂದು ಒಳಗೆ ನಡೆದರು. ಬೀದಿಯ ಕೊನೆಯಲ್ಲಿ ರೈಲು ಕೂಗಿದರೆ ಯಾವ ಗಾಡಿ ಎಂದು ಹೇಳುವ ಕಿವಿ ಅದು.

ಶುಕ್ರವಾರ ಭಾಷಣ ಮಾಡಿದೆ. ಬರೆದ ಹಾಳೆ ಮನೆಯಲ್ಲೇ ಬಿಟ್ಟಿದ್ದೆ. ಹತ್ತು ನಿಮಿಷದ ಮಾತು ಮೂರು ನಿಮಿಷಕ್ಕೇ ಮುಗಿಯಿತು. ದಿನವೂ ಬಿಡದೆ ಮಾಡಿದರೆ ಯಾವ ಕೆಲಸವೂ ಕೈಗೂಡುತ್ತದೆ, ಅದರಲ್ಲಿ ಎರಡು ಮಾತಿಲ್ಲ ಎಂದೆ. ಆದರೆ ಬಿಟ್ಟುಹೋಗುವ ದಿನವೂ ಬಂದೇ ಬರುತ್ತದೆ. ಅವತ್ತು ಮರಿಗೆ ಮಗುಚಿ ಕೂರಬೇಡಿ, ದೀಪ ಹಚ್ಚುವುದರೊಳಗೆ ಯಾರ ಮನೆಯಿಂದಾದರೂ ತಂದು ಹಾಕಿ. ಅದಕ್ಕಾಗಿ ಇದ್ದ ದಿನ ನಾಲ್ಕು ಮನೆಗೆ ಕೊಟ್ಟಿರಿ ಎಂದೆ. ನನ್ನ ಹದಿನಾಲ್ಕು ವರ್ಷದಲ್ಲಿ ಸುಮಾರು ದಿನ ನನ್ನವಲ್ಲ ಎಂದೂ ಹೇಳಿದೆ. ಹೇಳುವಾಗ ಮುಂದಿನ ಸಾಲಿನ ಹೆಂಗಸರ ಮುಖ ನೋಡುತ್ತಿದ್ದೆ. ಅರ್ಧಕ್ಕರ್ಧ ಜನ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರ ಮನೆಗಳಲ್ಲೂ ಯಾರೋ ಗೋಡೆಯ ಹತ್ತಿರ ಹೋಗಿಬರುತ್ತಿರಬೇಕು.

ಮುಗಿದ ಮೇಲೆ ಇಂದಿರಮ್ಮನವರು ಹತ್ತಿರ ಬಂದರು. ನಿಜ ಗೊತ್ತಾದ ಮೇಲೆ ಇನ್ನು ಹೊಗಳಲಾರರು ಅಂದುಕೊಂಡೆ. ಅವರು ಪಿಸುದನಿಯಲ್ಲಿ, "ಬರೋ ವಾರ ಮಗಳನ್ನ ಗಂಡನ ಮನೆಗೆ ಕಳಿಸಿಕೊಡ್ತಿದೀವಿ, ಜಾನಕಮ್ಮನವರೇ. ನಿಮ್ಮ ಹೆಪ್ಪು ಒಂದು ಚಮಚ ಕೊಡ್ತೀರಾ?" ಅಂದರು.

"ತಪ್ಪಿದ ಹೆಪ್ಪು ಅಂತ ಈಗತಾನೇ ಹೇಳಿದೆನಲ್ಲ."

"ಅದಕ್ಕೇ ಕೇಳಿದ್ದು. ತಪ್ಪಿದ್ರೂ ಮತ್ತೆ ಕೂಡೋದು ಗೊತ್ತಿರೋ ಹೆಪ್ಪು."

ಮನೆಗೆ ಬರುವ ದಾರಿಯಲ್ಲಿ ಆ ಹುಡುಗಿಗೆ ಏನು ಹೇಳಿ ಕೊಡಬೇಕೆಂದು ಯೋಚಿಸಿದೆ. 'ಒಂದು ದಿನಾನೂ ತಪ್ಪಿಸಿಲ್ಲ' ಎಂದು ಅಮ್ಮ ಹೇಳಿದ್ದನ್ನೇ ಹೇಳಿಬಿಡೋಣ, ಹೊಸ ಹುಡುಗಿಗೆ ಸ್ವಲ್ಪ ಭಯವಿದ್ದರೆ ಒಳ್ಳೆಯದು ಅನ್ನಿಸಿತು. ಹಾಗೆ ಅಂದುಕೊಳ್ಳುತ್ತಿದ್ದಂತೆ ನಮ್ಮ ಯಲಹಂಕದ ಹಿತ್ತಿಲು ಕಣ್ಣ ಮುಂದೆ ಬಂತು. ಬಾವಿ, ದಾಸವಾಳದ ಗಿಡ, ಅದರಾಚೆ ಗೋಡೆ. ಆ ಗೋಡೆಯೂ ಎದೆಯೆತ್ತರಕ್ಕಿಂತ ಹೆಚ್ಚಿರಲಿಲ್ಲ. ಸಂಜೆಹೊತ್ತು ಅಮ್ಮ ಅದರ ಹತ್ತಿರ ಏನೋ ಮರೆತವಳಂತೆ ಹೋಗಿಬರುತ್ತಿದ್ದಳು.

ಅಮ್ಮ ಈಗ ಇದ್ದಿದ್ದರೆ ನಾಲಿಗೆ ಚಾಚು ಅನ್ನುತ್ತಿದ್ದೆ. ಈಗ ಕೇಳುವಂತಿಲ್ಲ. ಸರಸು ಬಾಗಿಲಲ್ಲೇ ನಿಂತು, "ಅಮ್ಮ, ಹಾಲು ಆರ್ತಾ ಇದೆ, ಅಜ್ಜಿ ಬಾ ಅಂತಿದಾರೆ" ಎಂದು ಕೂಗಿದಳು. ಕೈಕಾಲು ತೊಳೆದು, ದೀಪ ಹಚ್ಚಿ, ಗೂಡಿನಿಂದ ಮರಿಗೆ ತೆಗೆದು, ಒಂದು ಚಮಚ ಹೆಪ್ಪನ್ನು ಹಾಲಿಗೆ ಬಿಟ್ಟೆ. ಮಾತಿನ ಭರದಲ್ಲಿ ಕೈ ಮತ್ತೆ ತಪ್ಪದಿರಲೆಂದು ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ.