ಕಾಣದವರ ಕ್ಷೇಮ ಕೇಳುವ ಕಾಕಾ

ಮೊದಲೇ ಒಪ್ಪಿಬಿಡುತ್ತೇನೆ: ಕಂಪ್ಯೂಟರಿನಲ್ಲಿ ಕಾಕಾ ಹಾಕಿಟ್ಟಿದ್ದ ಬೀಗ ತೆಗೆದವನು ನಾನೇ. ಏಕೆ ತೆಗೆದೆ? ಪರದೆಯ ಮೇಲೆ ಹಳದಿ ಎಚ್ಚರಿಕೆಯೊಂದು ದಿನವೂ ಮಿಣುಕುತ್ತಿತ್ತು, ನನಗೆ ಊಟಕ್ಕೆ ಹೊತ್ತಾಗಿತ್ತು. ಇಷ್ಟೇ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ತಾನು ಕಣ್ಣಾರೆ ಕಾಣದವರ ನೆಗಡಿಯನ್ನೂ ವಿಚಾರಿಸುವ ಜಗತ್ತಿನ ಏಕೈಕ ಪ್ರಾಣಿ. ನಾಗಪುರದ ಸದರ್ ಬಡಾವಣೆಯಲ್ಲಿ ಆಸ್ಪತ್ರೆಯೊಂದಕ್ಕೆ ಸಾಫ್ಟ್‌ವೇರ್ ಮಾಡಿಕೊಡುವ ಪುಟ್ಟ ಕಚೇರಿಯಲ್ಲಿ ನಮ್ಮಿಬ್ಬರ ನೌಕರಿ. ನಾವು ಬರೆಯುವುದು ಕಾಲು ಭಾಗ. ಉಳಿದದ್ದು ಓಪನ್ ಸೋರ್ಸ್, ಅಂದರೆ ಯಾವುದೋ ದೇಶದ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಕೋಡ್. ನಾನಾದರೆ ಸಿಕ್ಕಿದ್ದನ್ನು ಸೇರಿಸಿ ಚಹಾಕ್ಕೆ ಹೋಗುತ್ತೇನೆ. ಕಾಕಾ? ಬರೆದವನು ಒಂಟಿಯೋ, ಜೊತೆಗಾರರಿದ್ದಾರೋ, ದೂರು ಕೊಟ್ಟವರಿಗೆ ಉತ್ತರಿಸುತ್ತಾನೋ ಸಿಡುಕುತ್ತಾನೋ, ಎಲ್ಲವನ್ನೂ ನೋಟ್‌ಬುಕ್ಕಿಗೆ ಏರಿಸುತ್ತಾನೆ. ಎರಡು ತಿಂಗಳು ಸದ್ದಿಲ್ಲದಿದ್ದರೆ ಪತ್ರ: ಆರಾಮ ಇದ್ದೀರಾ?

ಮನೀಶ್ ನಗರದ ಕಾಕಾನ ಮನೆಯಲ್ಲಿ ಈ ಆಟ ನಡೆಯುವುದಿಲ್ಲ. ಹೆಂಡತಿ ತಂದ ಕಿತ್ತಳೆ ಯಾವ ತೋಟದ್ದೆಂದು ಕಾಕಾ ಕೇಳಿದ್ದಕ್ಕೆ ಕಾಕು, "ನನ್ನ ನೋಡಾಕ ಬಂದಾಗ ಒಂದ ಪ್ಲೇಟ್ ಉಪ್ಪಿಟ್ಟು ತಿಂದು ಹೂಂ ಅಂದ್ರಿ. ಹಣ್ಣಿಗ್ಯಾಕ ಇಷ್ಟು ತಪಾಸಣಿ?" ಅಂದಳಂತೆ.

ಊಟದ ಹೊತ್ತಿನಲ್ಲಿ ನಾನು ಕಾಕಾನಂತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಕಚೇರಿಯ ಫ್ರಿಜ್ಜಿಗೆ ಕಾಕಾನ ದನಿಯಲ್ಲಿ ಕ್ಷೇಮ ಕೇಳುತ್ತಿದ್ದೆ. ಒಂದು ದಿನ ಎಲ್ಲರ ನಗು ಥಟ್ಟನೆ ನಿಂತಿತು. ಬೆನ್ನ ಹಿಂದೆ ಕಾಕಾ!

"ದನಿ ಬರೋಬರ್ ಐತಿ. ಕುತ್ತಿಗಿ ಇನ್ನೂ ಸ್ವಲ್ಪ ಬಗ್ಗಸು" ಎಂದು ತಿದ್ದಿ ಹೋದ.

ಇನ್ನು ಆ ಬೀಗದ ಕಥೆ. ದಿನಾಂಕ ತೋರಿಸುವ ಒಂದು ತುಣುಕು ಕೋಡ್. ಅದನ್ನು ಬರೆದವನು ಕಾಕಾನಿಗೆ ಮರುಪತ್ರದಲ್ಲಿ, ತಾನು ದಣಿದಿರುವುದಾಗಿಯೂ, ಹೊಸಬನೊಬ್ಬ ತಾನಾಗಿ ಮುಂದೆ ಬಂದದ್ದರಿಂದ ಎಲ್ಲವನ್ನೂ ಅವನಿಗೆ ಒಪ್ಪಿಸಿದ್ದಾಗಿಯೂ ತಿಳಿಸಿದ್ದ. ಆ ಹೊಸಬನ ಪೂರ್ವಾಪರ ಎಲ್ಲಿಯೂ ಸಿಗಲಿಲ್ಲ. ಹೊಸದೇನೂ ಒಳಗೆ ಬಾರದಂತೆ ಕಾಕಾ ಹಳೆಯ ಆವೃತ್ತಿಗೇ ಬೀಗ ಜಡಿದ. ಆವೃತ್ತಿ ಹಳತಾಯಿತೆಂಬ ಹಳದಿ ಎಚ್ಚರಿಕೆ ತೊಲಗಲೆಂದು ನಾನು ತೆಗೆದೆ. ಒಳಗೆ ಬಂದ ಹೊಸ ಆವೃತ್ತಿ, ರೋಗಿಗಳ ದಾಖಲೆಗಳ ಪಾಸ್‌ವರ್ಡ್ ಹುಡುಕಿ ಹೊರಗೆ ಕಳಿಸಲು ಹೊರಟಿತು. ಆ ಕಂಪ್ಯೂಟರಿನಿಂದ ಗೊತ್ತಿಲ್ಲದ ವಿಳಾಸಗಳಿಗೆ ಹೊರಹೋಗುವ ದಾರಿಯನ್ನೂ ಕಾಕಾ ಮೊದಲೇ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಬಿತ್ತು.

ಬೀಗ ತೆಗೆದವರು ಯಾರು? ಎಲ್ಲರೂ ಒಂದೇ ಖಾತೆ ಬಳಸುತ್ತಿದ್ದೆವು, ಗೊತ್ತಾಗುವಂತಿರಲಿಲ್ಲ. ನನ್ನ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ಅರ್ಧ ದಿನ ಬೇರೆ ಕೆಲಸದ ನೆಪ ಹೂಡಿದೆ. ಆಮೇಲೆ ಕಾಕಾನ ಮೇಜಿನ ಮುಂದೆ ನಿಂತು ಹೇಳಿದೆ, ನನ್ನದೇ ದನಿಯಲ್ಲಿ.

ನಮ್ಮ ಮಾಲೀಕರು ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದ ರೈಲ್ವೆ ನೌಕರರ ಮಗ, ನಮ್ಮೊಂದಿಗೆ ಕನ್ನಡದಲ್ಲೇ ಮಾತು. ಕಾಕಾ ಬರೆದ ವರದಿಯನ್ನು ನಮ್ಮಿಬ್ಬರೆದುರಿಗೇ ಓದಿದರು. ಮೊದಲ ಸಾಲಿನಲ್ಲಿ ನನ್ನ ತಪ್ಪು, ನನ್ನ ಹೆಸರು. ಎರಡನೆಯದರಲ್ಲಿ ಕಾಕಾನ ಹೆಸರು: "ಬೀಗ ಏಕೆ ಹಾಕಿದೆನೆಂದು ಹುಡುಗರಿಗೆ ಹೇಳದೇ ಇದ್ದದ್ದು ನನ್ನ ತಪ್ಪು."

"ಅಣ್ಣನ ಮಗಾ ಅಂತ ಉಳಸಾಕ ನೋಡಬ್ಯಾಡ್ರಿ. ಇವತ್ತ ಮನಿಗೆ ಕಳಸ್ರಿ" ಎಂದರು ಮಾಲೀಕರು, ಕಾಕಾನಿಗೆ.

ಆ ಮಾತು ಅಲ್ಲಿಗೇ ಮುಗಿದು ನನ್ನ ನೌಕರಿ ಉಳಿದದ್ದು ಕಾಕಾನ ಈ ಉತ್ತರದಿಂದ:

"ಒಪ್ಪಿಕೊಂಡವನ್ನ ಹೊರಗ ಹಾಕಿದ್ರ, ನಾಳೆ ನಿಮ್ಮ ಹತ್ರ ತಪ್ಪು ಮುಚ್ಚಿಡೂ ಮಂದಿ ಅಷ್ಟ ಉಳೀತಾರ್ರಿ ಸಾಹೇಬ್ರ."